ಆಂಟ್ವರ್ಪ್‌ಗೆ ಆರು ಮಂದಿಯನ್ನು ಕಳುಹಿಸಿದ ಸರ್ ದೊರಾಬ್ಜಿ ಟಾಟಾ

ಮಂಗಳೂರು: ನಗರದ ಫಳ್ನೀರ್‌ನಿಂದ ಹೊರಟು ಉತ್ತರಕ್ಕೆ ಮುಖ ಮಾಡಿ, ಸುರತ್ಕಲ್, ಮೂಲ್ಕಿ, ಪಡುಬಿದ್ರಿಗಳನ್ನು ದಾಟಿದರೆ ಕಾಪುವಿನ ಆಸುಪಾಸು ತಲುಪುವಷ್ಟು ದೂರ. ಅಷ್ಟು ದೂರವನ್ನು, ಅಂದರೆ 42.75 ಕಿಲೋಮೀಟರ್‌ಗಳನ್ನು, ಬೆಳಗಾವಿಯ ಯುವಕನೊಬ್ಬ 1920ರ ಆಗಸ್ಟ್ 22ರಂದು ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದಲ್ಲಿ ಓಡಿ ಮುಗಿಸಿದ. ತೆಗೆದುಕೊಂಡ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು. ಕಿಲೋಮೀಟರಿಗೆ ಸರಿಸುಮಾರು ನಾಲ್ಕು ನಿಮಿಷದ ವೇಗ. ದೊರೆತ ಸ್ಥಾನ 19.

ಆತನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಒಲಿಂಪಿಕ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲ ಭಾರತೀಯ. ಆ ವರ್ಷ ಆಂಟ್ವರ್ಪ್‌ಗೆ ತೆರಳಿದ್ದ ಭಾರತದ ತಂಡದಲ್ಲಿ ಇದ್ದವರು ಒಟ್ಟು ಆರೇ ಮಂದಿ: ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಈ ಪುಟ್ಟ ತಂಡದ ಹಿಂದೆ ನಿಂತಿದ್ದವರು ಅರವತ್ತು ದಾಟಿದ ಉದ್ಯಮಿ ಸರ್ ದೊರಾಬ್ಜಿ ಟಾಟಾ. ಉಕ್ಕಿನ ಕಾರ್ಖಾನೆ, ಜಲವಿದ್ಯುತ್ ಯೋಜನೆ, ಬೆಂಗಳೂರಿನ ವಿಜ್ಞಾನ ಸಂಸ್ಥೆಗಳ ಜತೆ ಅವರ ಹೆಸರು ಸದಾ ಕೇಳಿಬರುತ್ತದೆ. ಆದರೆ ಭಾರತ ಇನ್ನೂ ಸ್ವತಂತ್ರ ರಾಷ್ಟ್ರವಾಗದ ಕಾಲದಲ್ಲಿಯೇ ಅದನ್ನು ಒಂದು ರಾಷ್ಟ್ರವೆಂಬಂತೆ ಕ್ರೀಡಾಂಗಣದಲ್ಲಿ ನಿಲ್ಲಿಸಿದ ಅವರ ಸಾಹಸದ ಕುರಿತು ಕನ್ನಡ ನಾಡಿನಲ್ಲಿ ಮಾತು ಕಡಿಮೆ. ಆ ಆರು ಮಂದಿಯಲ್ಲಿ ಇಬ್ಬರು ಕನ್ನಡ ನೆಲದವರೇ ಆಗಿದ್ದರೂ ಇದು ಹೀಗೆಯೇ ಇದೆ.

ದೊರಾಬ್ಜಿಯವರು ಜನಿಸಿದ್ದು 1859ರ ಆಗಸ್ಟ್ 27ರಂದು, ಮುಂಬಯಿಯ ಪಾರ್ಸಿ ಕುಟುಂಬದಲ್ಲಿ. ತಂದೆ ಜಮ್ಶೆಟ್‌ಜಿ ನಸರ್‌ವಾನ್‌ಜಿ ಟಾಟಾ, ತಾಯಿ ಹೀರಾಬಾಯಿ. ಆಗ ಜಮ್ಶೆಟ್‌ಜಿಯವರಿಗೆ ಕೇವಲ ಇಪ್ಪತ್ತರ ಪ್ರಾಯ. ಟಾಟಾ ಎಂಬ ಹೆಸರಿಗೆ ಇಂದಿನ ತೂಕ ಬಂದಿರಲಿಲ್ಲ. ಮಗ ಬೆಳೆದಂತೆ ಮನೆತನದ ವ್ಯಾಪಾರವೂ ಬೆಳೆಯಿತು. 1875ರಲ್ಲಿ ಹದಿಹರೆಯದ ದೊರಾಬ್ಜಿಯನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಮೊದಲು ಕೆಂಟ್ ಪ್ರಾಂತ್ಯದಲ್ಲಿ ಖಾಸಗಿ ಪಾಠ, ಬಳಿಕ 1877ರಿಂದ ಎರಡು ವರ್ಷ ಕೇಂಬ್ರಿಜ್‌ನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜು.

ಕೇಂಬ್ರಿಜ್‌ನಿಂದ ಅವರು ಪದವಿಯನ್ನು ತರಲಿಲ್ಲ. ತಂದದ್ದು ಆಟದ ಹುಚ್ಚನ್ನು. ಕ್ರಿಕೆಟ್ ಮತ್ತು ಫುಟ್‌ಬಾಲ್‌ನಲ್ಲಿ ಕಾಲೇಜಿನ ಗೌರವ ಪಡೆದರು. ಟೆನಿಸ್ ಆಡಿದರು, ದೋಣಿಗೆ ಹುಟ್ಟು ಹಾಕಿದರು. ಸ್ಪರ್ಧೆಯೆಂದರೆ ಕೇವಲ ಗೆಲ್ಲುವುದಲ್ಲ, ಎಷ್ಟು ಸೆಕೆಂಡಿನಲ್ಲಿ, ಎಷ್ಟು ಅಡಿಯ ಅಂತರದಲ್ಲಿ ಎಂಬುದನ್ನು ಬರೆದಿಡುವುದು ಎಂಬ ಶಿಸ್ತು ಅಲ್ಲಿ ರೂಢಿಯಲ್ಲಿತ್ತು. ಮುಂದೆ ನಲವತ್ತು ವರ್ಷಗಳ ನಂತರ ಪುಣೆಯಲ್ಲಿ ಅವರ ಕೆಲಸಕ್ಕೆ ಬಂದದ್ದು ಇದೇ ತಿಳಿವಳಿಕೆ.

1879ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಮುಂಬಯಿಯ ಸೇಂಟ್ ಜೇವಿಯರ್ಸ್ ಕಾಲೇಜಿನಲ್ಲಿ ಓದಿ 1882ರಲ್ಲಿ ಪದವೀಧರರಾದರು. ಅನಂತರ ಎರಡು ವರ್ಷ ಮಾಡಿದ ಕೆಲಸ ಪತ್ರಿಕೋದ್ಯಮ. ಬಾಂಬೆ ಗೆಜೆಟ್ ಪತ್ರಿಕೆಯಲ್ಲಿ ಅವರು ದುಡಿದರು. ಕೋಟ್ಯಧೀಶನ ಮಗ ವರದಿಗಾರನ ಮೇಜಿನ ಮುಂದೆ ಕುಳಿತದ್ದು ಆ ಕಾಲಕ್ಕೂ ವಿಚಿತ್ರವೇ. 1884ರಲ್ಲಿ ತಂದೆಯ ಹತ್ತಿ ವ್ಯಾಪಾರದ ವಿಭಾಗಕ್ಕೆ ಸೇರಿದರು. ಫ್ರೆಂಚರ ಆಡಳಿತದಲ್ಲಿದ್ದ ಪುದುಚೇರಿಯಲ್ಲಿ ಬಟ್ಟೆ ಗಿರಣಿ ಲಾಭದಾಯಕವೇ ಎಂದು ನೋಡಿ ಬರಲು ತಂದೆ ಕಳುಹಿಸಿದರು. ಬಳಿಕ ನಾಗಪುರದ ಎಂಪ್ರೆಸ್ ಮಿಲ್‌ನಲ್ಲಿ ಕೆಲಸ ಕಲಿಯಲು ಹಚ್ಚಿದರು.

ಮೈಸೂರಿನ ನಂಟು

ದೊರಾಬ್ಜಿಯವರ ಬದುಕಿಗೆ ಕರ್ನಾಟಕ ಬಂದದ್ದು ಮದುವೆಯ ಮೂಲಕ. ಮೈಸೂರು ಸಂಸ್ಥಾನದಲ್ಲಿ ಹಾರ್ಮಸ್‌ಜಿ ಜೆಹಾಂಗೀರ್ ಭಾಭಾ ಎಂಬ ಪಾರ್ಸಿ ವಿದ್ವಾಂಸರು ಶಿಕ್ಷಣ ಇಲಾಖೆಯ ಅತ್ಯುನ್ನತ ಹುದ್ದೆಯಾದ ಇನ್ಸ್‌ಪೆಕ್ಟರ್ ಜನರಲ್ ಸ್ಥಾನದಲ್ಲಿದ್ದರು. ಸಂಸ್ಥಾನದ ಪ್ರವಾಸದಲ್ಲಿ ಅವರ ಮನೆಗೆ ಹೋದ ದೊರಾಬ್ಜಿ ಅಲ್ಲಿ ಕಂಡದ್ದು ಮಗಳು ಮೆಹರ್‌ಬಾಯಿಯನ್ನು. ಆಕೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದವರು, ಮೈಸೂರಿನಲ್ಲಿ ಬೆಳೆದವರು. 1890ರ ದಶಕದ ಕೊನೆಯಲ್ಲಿ ವಿವಾಹ ನೆರವೇರಿತು. ವರನ ವಯಸ್ಸು ನಲವತ್ತರ ಸಮೀಪ, ವಧುವಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮಕ್ಕಳಾಗಲಿಲ್ಲ.

ಮೆಹರ್‌ಬಾಯಿ ಗಂಡನ ನೆರಳಾಗಿ ಉಳಿದವರಲ್ಲ. ಸೀರೆಯುಟ್ಟೇ ಟೆನಿಸ್ ಅಂಗಳಕ್ಕೆ ಇಳಿಯುತ್ತಿದ್ದ ಆಕೆ ಹಲವಾರು ಪಂದ್ಯಾವಳಿಗಳಲ್ಲಿ ಬಹುಮಾನ ಗೆದ್ದರು. ಬಾಲ್ಯವಿವಾಹ ತಡೆಗೆ ಕಾನೂನು ಬೇಕೆಂದು ವಾದಿಸಿದರು. ಮಹಿಳೆಯರ ಮತದಾನದ ಹಕ್ಕಿನ ಪರವಾಗಿ, ಹೆಣ್ಣುಮಕ್ಕಳ ಶಿಕ್ಷಣದ ಪರವಾಗಿ ಮಾತನಾಡಿದರು. ಮೆಹರ್‌ಬಾಯಿಯವರ ಸಹೋದರನ ಮಗನೇ ಮುಂದೆ ಅಣುವಿಜ್ಞಾನಿಯಾಗಿ ಹೆಸರಾದ ಹೋಮಿ ಜೆ. ಭಾಭಾ.

1904ರಲ್ಲಿ ಜಮ್ಶೆಟ್‌ಜಿ ತೀರಿಕೊಂಡಾಗ ಅವರ ಮೂರು ಕನಸುಗಳು ಕಾಗದದ ಮೇಲೆಯೇ ಇದ್ದವು: ಉಕ್ಕಿನ ಕಾರ್ಖಾನೆ, ಪಶ್ಚಿಮ ಘಟ್ಟದ ಮಳೆನೀರಿನಿಂದ ವಿದ್ಯುತ್, ಹಾಗೂ ಉನ್ನತ ವಿಜ್ಞಾನಕ್ಕೊಂದು ಸಂಸ್ಥೆ. ಮೂರನ್ನೂ ಪೂರ್ಣಗೊಳಿಸುವ ಹೊಣೆ ಹಿರಿಯ ಮಗನ ಮೇಲೆ ಬಿತ್ತು. ಕಿರಿಯ ಸಹೋದರ ರತನ್‌ಜಿ ಜತೆಗಿದ್ದರು.

ಇವುಗಳಲ್ಲಿ ವಿಜ್ಞಾನ ಸಂಸ್ಥೆಯ ಕಥೆ ಕನ್ನಡಿಗರಿಗೆ ಹೊಸದೇನಲ್ಲ. ಮೈಸೂರಿನ ಮಹಾರಾಜರು ಬೆಂಗಳೂರಿನಲ್ಲಿ 371 ಎಕರೆ ಜಮೀನು ನೀಡಿದರು. ಜಮ್ಶೆಟ್‌ಜಿ ಮುಡಿಪಾಗಿಟ್ಟಿದ್ದ ಮುಂಬಯಿಯ ಆಸ್ತಿಯನ್ನು ಮಕ್ಕಳು ಹಿಂದಕ್ಕೆ ಪಡೆಯದೆ ಒಪ್ಪಿಸಿದರು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. 1911ರಲ್ಲಿ ವಿದ್ಯಾರ್ಥಿಗಳು ಬಂದರು. ಬೆಂಗಳೂರಿನ ಹಳಬರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

ಉಕ್ಕಿನ ಹಾದಿ ಇಷ್ಟು ಸಲೀಸಾಗಿರಲಿಲ್ಲ. ಅದಿರು ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ. ಅಮೆರಿಕದ ಭೂವಿಜ್ಞಾನಿ ಸಿ. ಎಂ. ವೆಲ್ಡ್ ಅವರೊಂದಿಗೆ ದೊರಾಬ್ಜಿ ಮಧ್ಯಪ್ರಾಂತ್ಯದ ಕಾಡುಗಳಲ್ಲಿ ಎತ್ತಿನಗಾಡಿ ಹಿಡಿದು ಅಲೆದರು. ಒಂದು ಹಂತದಲ್ಲಿ ಶೋಧ ವಿಫಲವಾಯಿತೆಂದು ತಿಳಿಸಲು ನಾಗಪುರದ ಸಚಿವಾಲಯಕ್ಕೆ ಹೋಗಿದ್ದರು. ಭೇಟಿಯಾಗಬೇಕಿದ್ದ ಅಧಿಕಾರಿ ಇರಲಿಲ್ಲ. ಹೊತ್ತು ಕಳೆಯಲು ಎದುರಿನ ವಸ್ತುಸಂಗ್ರಹಾಲಯಕ್ಕೆ ನಡೆದ ದೊರಾಬ್ಜಿ ಅಲ್ಲಿನ ಭೂವಿಜ್ಞಾನ ನಕಾಶೆಯಲ್ಲಿ ದುರ್ಗ್ ಜಿಲ್ಲೆಯ ಬಳಿ ಕಬ್ಬಿಣದ ಗುರುತನ್ನು ಕಂಡರು. ಶೋಧ ಮತ್ತೆ ಜೀವ ಪಡೆಯಿತು. ಕೊನೆಗೆ ಕಾರ್ಖಾನೆಗೆ ಆಧಾರವಾದದ್ದು ಭೂವಿಜ್ಞಾನಿ ಪಿ. ಎನ್. ಬೋಸ್ ತೋರಿಸಿಕೊಟ್ಟ ಮಯೂರ್‌ಭಂಜ್‌ನ ಅದಿರು. 1907ರಲ್ಲಿ ಟಾಟಾ ಐರನ್ ಅಂಡ್ ಸ್ಟೀಲ್ ಕಂಪನಿ ನೋಂದಣಿಯಾಯಿತು. ಲಂಡನ್ನಿನ ಬಂಡವಾಳದಾರರು ಬೆನ್ನು ತಿರುಗಿಸಿದಾಗ ಷೇರುಗಳನ್ನು ಕೊಂಡವರು ಭಾರತೀಯರೇ. 1912ರ ಫೆಬ್ರುವರಿಯಲ್ಲಿ ಮೊದಲ ಉಕ್ಕು ಹೊರಬಂತು. ಇದರ ನಡುವೆ 1910ರಲ್ಲಿ ಬ್ರಿಟಿಷ್ ಸರ್ಕಾರ ದೊರಾಬ್ಜಿಯವರಿಗೆ ಸರ್ ಪದವಿ ನೀಡಿತ್ತು.

ಪುಣೆಯ ಬರಿಗಾಲ ಓಟಗಾರರು

ದೊರಾಬ್ಜಿಯವರ ಬದುಕಿನ ಅತ್ಯಂತ ಕುತೂಹಲಕರ ಅಧ್ಯಾಯ ತೆರೆದುಕೊಂಡದ್ದು 1919ರಲ್ಲಿ, ಅರವತ್ತರ ಹೊಸ್ತಿಲಲ್ಲಿ. ನ್ಯೂ ಇಂಡಿಯಾ ಅಶ್ಯೂರನ್ಸ್ ಕಂಪನಿಯನ್ನು ಅವರು ಆರಂಭಿಸಿದ ವರ್ಷವೂ ಅದೇ. ಪುಣೆಯ ಡೆಕ್ಕನ್ ಜಿಮ್ಖಾನಾ ತನ್ನ ಅಧ್ಯಕ್ಷರನ್ನಾಗಿ ಅವರನ್ನು ಆರಿಸಿತ್ತು. 1906ರಲ್ಲಿ ಹುಟ್ಟಿದ್ದ ಈ ಸಂಸ್ಥೆ ಯುರೋಪಿಯನ್ನರ ಕ್ಲಬ್ಬುಗಳಂತಲ್ಲದೆ ದೇಶೀಯರ ವ್ಯಾಯಾಮಕ್ಕಾಗಿ ದೇಶೀಯರೇ ಕಟ್ಟಿಕೊಂಡದ್ದು. ಊರು ಬಾಲ ಗಂಗಾಧರ ಟಿಳಕರದು. ರಾಷ್ಟ್ರೀಯತೆಯ ಬಿಸಿ ಅಲ್ಲಿ ಆಟದ ಮೈದಾನಕ್ಕೂ ತಟ್ಟಿತ್ತು.

ಜಿಮ್ಖಾನಾದ ಕ್ರೀಡಾಕೂಟಕ್ಕೆ ಹೋದ ದೊರಾಬ್ಜಿ ಕಂಡದ್ದು ಹೊಲದಲ್ಲಿ ದುಡಿಯುವ, ಬಡ ಊಟ ಉಂಡು ಬೆಳೆದ ರೈತರ ಮಕ್ಕಳನ್ನು. ಕ್ರೀಡಾ ನಿಯಮಗಳ ಅರಿವಾಗಲಿ, ತರಬೇತಿಯಾಗಲಿ ಅವರಿಗಿರಲಿಲ್ಲ. ದೂರದ ಓಟಕ್ಕೆ ಅವರು ಮೊದಲು ಯೋಚಿಸಿದ್ದು ನೂರು ಮೈಲಿಯನ್ನು! ಬಳಿಕ ಅದು ಇಪ್ಪತ್ತೈದರ ಸುತ್ತಮುತ್ತಲಿಗೆ ಇಳಿಯಿತು. ಬಿಸಿಲಿನಲ್ಲಿ, ಜಲ್ಲಿ ಹಾಕಿದ ಗಟ್ಟಿ ರಸ್ತೆಯ ಮೇಲೆ, ಬರಿಗಾಲಿನಲ್ಲಿ ಓಟ ನಡೆಯಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿರಬಹುದು. ಕೇಂಬ್ರಿಜ್‌ನಲ್ಲಿ ಪಳಗಿದ ಅಧ್ಯಕ್ಷರ ಗಮನ ಹೋದದ್ದು ಗಡಿಯಾರದ ಕಡೆಗೆ. ಈ ಹುಡುಗರ ಸಮಯವನ್ನು ಯುರೋಪಿನ ಓಟಗಾರರ ಸಮಯದ ಪಕ್ಕದಲ್ಲಿಟ್ಟು ನೋಡಿದಾಗ ಅಂತರ ಅಷ್ಟೇನೂ ದೊಡ್ಡದಾಗಿರಲಿಲ್ಲ.

ಅದಿರಿನ ನಕಾಶೆಯನ್ನು ಓದಿದ ಕಣ್ಣೇ ಇಲ್ಲಿಯೂ ಕೆಲಸ ಮಾಡಿತೆಂದರೆ ತಪ್ಪಾಗದು. ಮೂವರು ಓಟಗಾರರನ್ನು ತಮ್ಮ ಸ್ವಂತ ಖರ್ಚಿನಲ್ಲಿ ಮರುವರ್ಷದ ಒಲಿಂಪಿಕ್ಸ್‌ಗೆ ಕಳುಹಿಸಲು ಅವರು ಮುಂದಾದರು. ಒಳ್ಳೆಯ ಆಹಾರ, ಇಂಗ್ಲಿಷ್ ತರಬೇತುದಾರರ ಮಾರ್ಗದರ್ಶನ ದೊರೆತರೆ ಈ ಹುಡುಗರು ದೇಶಕ್ಕೆ ಹೆಸರು ತರಬಲ್ಲರು ಎಂಬುದು ಅವರ ಲೆಕ್ಕಾಚಾರ. ಸುದ್ದಿ ಕೇಳಿದ ಪುಣೆಯ ರಾಷ್ಟ್ರೀಯವಾದಿಗಳಿಗೆ ಮೂವರು ಸಾಲದೆನಿಸಿತು. ಪೂರ್ಣ ತಂಡವೇ ಹೋಗಬೇಕೆಂಬ ಆಸೆ ಹುಟ್ಟಿತು.

ಆಸೆಗೂ ಅರಿವಿಗೂ ಇದ್ದ ದೂರವನ್ನು ತೋರಿಸುವ ಪ್ರಸಂಗವೊಂದಿದೆ. ನೂರು ಮೀಟರ್ ಓಟಕ್ಕೆ ಎಷ್ಟು ಸಮಯದ ಮಾನದಂಡ ಇಡಬೇಕೆಂಬ ಪ್ರಶ್ನೆ ಬಂದಾಗ, ಜಿಮ್ಖಾನಾದ ಪ್ರಮುಖರೊಬ್ಬರು ಒಂದರಿಂದ ಎರಡು ನಿಮಿಷ ಇರಬಹುದೆಂದರು. ಅದು ನಿಮಿಷಗಳ ವಿಷಯವಲ್ಲ, ಸೆಕೆಂಡುಗಳ, ಸೆಕೆಂಡಿನ ಭಾಗಗಳ ವಿಷಯವೆಂದು ತಿಳಿದಾಗ ಅವರು ಬೆರಗಾದರಂತೆ. ನಗು ಬರುವ ಮಾತೇ ಸರಿ. ಆದರೆ ಹಳ್ಳಿಯ ಜಾತ್ರೆಯ ಓಟದಲ್ಲಿ ಯಾರು ಮೊದಲು ಬಂದರೆಂಬುದಷ್ಟೇ ಮುಖ್ಯ; ಗಡಿಯಾರ ಹಿಡಿದು ನಿಲ್ಲುವವರು ಯಾರೂ ಇರಲಿಲ್ಲ. ಗಡಿಯಾರವಿಲ್ಲದೆ ಪುಣೆಯ ಹುಡುಗನನ್ನು ಫಿನ್ಲೆಂಡಿನ ಹುಡುಗನ ಜತೆ ಹೋಲಿಸುವುದು ಸಾಧ್ಯವೂ ಇರಲಿಲ್ಲ.

ಸ್ವಂತ ಸರ್ಕಾರವಿಲ್ಲದ ದೇಶಕ್ಕೆ ಸ್ವಂತ ತಂಡ ಹೇಗೆ? ಇಲ್ಲಿ ದೊರಾಬ್ಜಿಯವರ ಪರಿಚಯಗಳು ಕೆಲಸಕ್ಕೆ ಬಂದವು. ಮುಂಬಯಿ ಪ್ರಾಂತ್ಯದ ಗವರ್ನರ್ ಸರ್ ಜಾರ್ಜ್ ಲಾಯ್ಡ್ ನೆರವಾದರು. (ಅಂದಿನ ಬ್ರಿಟಿಷ್ ಪ್ರಧಾನಿ ಲಾಯ್ಡ್ ಜಾರ್ಜ್ ಬೇರೆ, ಹೆಸರುಗಳ ಗೊಂದಲ ಹಲವು ಬರಹಗಳಲ್ಲಿ ಇಂದಿಗೂ ಮುಂದುವರಿದಿದೆ.) ಬ್ರಿಟಿಷ್ ಒಲಿಂಪಿಕ್ ಸಮಿತಿಯ ಮೂಲಕ ಆಂಟ್ವರ್ಪ್‌ನಲ್ಲಿ ಭಾಗವಹಿಸುವ ಅವಕಾಶ ದೊರೆಯಿತು. 1920ರಲ್ಲಿ ದೊರಾಬ್ಜಿಯವರೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರೂ ಆದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರು. 1919ರ ವರ್ಸೇಲ್ಸ್ ಒಪ್ಪಂದಕ್ಕೆ ಭಾರತ ಪ್ರತ್ಯೇಕವಾಗಿ ಸಹಿ ಹಾಕಿತ್ತು. ರಾಷ್ಟ್ರಸಂಘದಲ್ಲಿಯೂ ಅದಕ್ಕೆ ಸ್ಥಾನವಿತ್ತು. ಸಹಿ ಹಾಕಿಸಿದವರು ಬ್ರಿಟಿಷರು. ಓಡಬೇಕಾದವರು ಮಾತ್ರ ಭಾರತೀಯರೇ.

ಪುಣೆಯಲ್ಲಿ ನಡೆದ ಆಯ್ಕೆಯಲ್ಲಿ ಬೆಳಗಾವಿಯ ಚೌಗುಲೆ, ಹುಬ್ಬಳ್ಳಿಯ ಎಚ್. ಡಿ. ಕೈಕಾಡಿ, ಸಾತಾರಾದ ಸದಾಶಿವ ದಾತಾರ್, ಬಂಗಾಳದ ಪೂರ್ಮ ಬ್ಯಾನರ್ಜಿ ಓಟಗಾರರಾಗಿ ಸ್ಥಾನ ಪಡೆದರು. ಕುಸ್ತಿಗೆ ಕುಮಾರ್ ನವಲೆ ಮತ್ತು ರಣಧೀರ್ ಶಿಂದೆ. ವ್ಯವಸ್ಥಾಪಕರು ಸೊಹ್ರಾಬ್ ಭೂತ್ ಹಾಗೂ ಎ. ಎಚ್. ಎ. ಫೈಜಿ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಪುಣೆಯ ಕೂಟ ಅಲ್ಲಿನವರಿಗೆ ತಮ್ಮದೇ ಪ್ರಾಂತ್ಯದ ಕೂಟ. ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡಕ್ಕೆ, ಅರಸೊತ್ತಿಗೆಯಲ್ಲಿದ್ದ ಮೈಸೂರಿಗೆ ಆ ಬಾಗಿಲು ದೂರದ್ದಾಗಿತ್ತು. ದೇಶದ ತಂಡವೆಂದರೂ ಅದರ ಬಹುಪಾಲು ಒಂದೇ ಪ್ರಾಂತ್ಯದ್ದು ಎಂಬ ಆಕ್ಷೇಪಕ್ಕೆ ಇಲ್ಲಿ ಕಾರಣವಿದೆ. ಅದನ್ನು ಸರಿಪಡಿಸಲು ಇನ್ನೂ ನಾಲ್ಕು ವರ್ಷ ಬೇಕಾಯಿತು.

ಸರ್ಕಾರದ ಅಲ್ಪ ನೆರವು, ಸಾರ್ವಜನಿಕರ ವಂತಿಗೆ, ಜತೆಗೆ ದೊರಾಬ್ಜಿಯವರ ಸ್ವಂತ ಹಣ ಸೇರಿ ಪ್ರಯಾಣದ ವೆಚ್ಚ ಹೊಂದಿಕೆಯಾಯಿತು. 1920ರ ಜೂನ್ ತಿಂಗಳಲ್ಲಿ ತಂಡ ಮುಂಬಯಿಯಿಂದ ಹಡಗು ಹತ್ತಿತು. ಇಂಗ್ಲೆಂಡಿನಲ್ಲಿ ಕೆಲವು ವಾರಗಳ ತರಬೇತಿ, ಬಳಿಕ ಬೆಲ್ಜಿಯಂ. ಅವರು ದೂರದಲ್ಲಿದ್ದಾಗಲೇ, ಆಗಸ್ಟ್ 1ರಂದು, ಮುಂಬಯಿಯಲ್ಲಿ ಟಿಳಕರು ನಿಧನರಾದರು. ಅದೇ ದಿನ ಗಾಂಧೀಜಿಯವರ ಅಸಹಕಾರ ಚಳವಳಿಯೂ ಆರಂಭವಾಯಿತು. ಎರಡು ವಾರಗಳ ನಂತರ, ಆಗಸ್ಟ್ 14ರಂದು, ಆಂಟ್ವರ್ಪ್ ಕ್ರೀಡಾಕೂಟ ಉದ್ಘಾಟನೆಗೊಂಡಾಗ ಬ್ಯಾನರ್ಜಿಯವರ ಮುಂದಾಳತ್ವದಲ್ಲಿ ಭಾರತದ ಪುಟ್ಟ ಸಾಲು ಮೈದಾನಕ್ಕೆ ಬಂತು.

ಸಣ್ಣ ರಾಷ್ಟ್ರಗಳ ದಿನ

ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಬೆಲ್ಜಿಯಂ ಯುದ್ಧದಲ್ಲಿ ನುಚ್ಚುನೂರಾದ ದೇಶ. ಸೋತ ಜರ್ಮನಿ ಮತ್ತು ಅದರ ಮಿತ್ರರಿಗೆ ಆಮಂತ್ರಣವಿರಲಿಲ್ಲ. ಬಂದಿದ್ದ 29 ದೇಶಗಳಲ್ಲಿ ನಕಾಶೆಯಲ್ಲಿ ಹೊಸದಾಗಿ ಬಣ್ಣ ಪಡೆದವು ಹಲವು. ಬೆರಳ ತುದಿಯಷ್ಟು ನೆಲದ ಮೊನಾಕೊ ಮೊದಲ ಬಾರಿಗೆ ಬಂದಿತ್ತು. ಹತ್ತು ಲಕ್ಷದಷ್ಟು ಜನಸಂಖ್ಯೆಯ ಎಸ್ಟೋನಿಯಾ, ಅದೇ ವರ್ಷದ ಫೆಬ್ರುವರಿಯಲ್ಲಿ ರಷ್ಯಾದಿಂದ ತನ್ನ ಸ್ವಾತಂತ್ರ್ಯಕ್ಕೆ ಮನ್ನಣೆ ಪಡೆದು, ಇಪ್ಪತ್ತಕ್ಕೂ ಕಡಿಮೆ ಕ್ರೀಡಾಪಟುಗಳೊಂದಿಗೆ ಹಾಜರಾಗಿತ್ತು. ಐದು ಬಳೆಗಳ ಒಲಿಂಪಿಕ್ ಧ್ವಜ ಕೂಟದಲ್ಲಿ ಹಾರಿದ್ದೂ, ಕ್ರೀಡಾಪಟುಗಳ ಪರವಾಗಿ ಪ್ರತಿಜ್ಞೆ ಸ್ವೀಕರಿಸಿದ್ದೂ ಅಲ್ಲಿಯೇ ಮೊದಲು.

ಮ್ಯಾರಥಾನ್ ಓಟದ ದಿನ ತಂಪು ಹವೆ, ಮಳೆ. ಮೊದಲು ಗುರಿ ಮುಟ್ಟಿದವರು ಫಿನ್ಲೆಂಡಿನ ಹಾನೆಸ್ ಕೊಲೆಮೈನೆನ್, 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ. ಎಂಟು ವರ್ಷಗಳ ಹಿಂದೆ ಸ್ಟಾಕ್‌ಹೋಮ್‌ನಲ್ಲಿ ಮೂರು ಚಿನ್ನ ಗೆದ್ದಾಗ ಅವರ ದೇಶ ರಷ್ಯಾ ಚಕ್ರಾಧಿಪತ್ಯದ ಭಾಗವಾಗಿತ್ತು. ಈ ಬಾರಿ ಅದು ಸ್ವತಂತ್ರ ರಾಷ್ಟ್ರ. ಹದಿಮೂರೇ ಸೆಕೆಂಡುಗಳ ಹಿಂದೆ ಬಂದವರು ಎಸ್ಟೋನಿಯಾದ ಯೂರಿ ಲಾಸ್‌ಮನ್. ನಲವತ್ತೆರಡು ಕಿಲೋಮೀಟರ್ ಓಡಿದ ಮೇಲೆ ಹದಿಮೂರು ಸೆಕೆಂಡು! ಮೂರನೆಯವರಾಗಿ ಬಂದ ಇಟಲಿಯ ವಲೇರಿಯೊ ಅರ್ರಿ ಸಂತೋಷಕ್ಕೆ ಪಲ್ಟಿ ಹೊಡೆದರು. ಎಸ್ಟೋನಿಯಾ ಆ ಕೂಟದಿಂದ ಒಂದು ಚಿನ್ನ, ಎರಡು ಬೆಳ್ಳಿ ಪದಕಗಳೊಂದಿಗೆ ಮನೆಗೆ ಮರಳಿತು.

ಕೊಲೆಮೈನೆನ್ ಬಂದ ಹದಿನೆಂಟು ನಿಮಿಷಗಳ ನಂತರ ಚೌಗುಲೆ ಗುರಿ ಮುಟ್ಟಿದರು. ಸಹ ಓಟಗಾರ ದಾತಾರ್ ಓಟವನ್ನು ಪೂರ್ಣಗೊಳಿಸಲಾಗಲಿಲ್ಲ. ಬ್ಯಾನರ್ಜಿ 100 ಮತ್ತು 400 ಮೀಟರ್ ಓಟಗಳ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಪದಕಕ್ಕೆ ಅತ್ಯಂತ ಹತ್ತಿರ ಹೋದವರು ಕುಸ್ತಿಪಟು ಶಿಂದೆ. ಫೆದರ್‌ವೇಟ್ ವಿಭಾಗದಲ್ಲಿ ಅವರು ನಾಲ್ಕನೆಯವರಾದರು. ಅಖಾಡದ ಮಣ್ಣಿನಲ್ಲಿ ಕಲಿತವರು ಚಾಪೆಯ ಮೇಲಿನ ಅಪರಿಚಿತ ನಿಯಮಗಳಡಿ ಸೆಣಸಿ ಅಷ್ಟು ದೂರ ಹೋದದ್ದು ಸಣ್ಣ ಮಾತಲ್ಲ.

ಪದಕವಿಲ್ಲದೆ ಮರಳಿದ ತಂಡವನ್ನು ವೈಫಲ್ಯವೆಂದು ಕರೆಯುವುದು ಸುಲಭ. ದೊರಾಬ್ಜಿ ಹಾಗೆ ನೋಡಿದಂತೆ ಕಾಣುವುದಿಲ್ಲ. ಪುಣೆಯ ಮೈದಾನದಲ್ಲಿ ಅವರು ಅಂದಾಜು ಮಾಡಿದ್ದ ಅಂತರಕ್ಕೆ ಈಗ ಅಂಕಿ ಸಿಕ್ಕಿತ್ತು. ಒಂದು ವರ್ಷದ ಹಿಂದೆ ಗಡಿಯಾರದ ಲೆಕ್ಕವನ್ನೇ ಅರಿಯದ ಪರಿಸರದಿಂದ ಬಂದ ಓಟಗಾರ ಜಗತ್ತಿನ ಅತ್ಯುತ್ತಮನಿಗಿಂತ ಹದಿನೆಂಟು ನಿಮಿಷ ಹಿಂದೆ. ಇದು ತರಬೇತಿಯಿಂದ ಕಡಿಮೆಯಾಗಬಲ್ಲ ದೂರ ಎಂಬುದು ಅವರಿಗೆ ಗೊತ್ತಿತ್ತು.

ಸಾಲದ ಹೊರೆ, ಪ್ಯಾರಿಸ್ ದಾರಿ

ಒಬ್ಬ ಶ್ರೀಮಂತನ ಉತ್ಸಾಹದಿಂದ ದೇಶದ ತಂಡ ನಡೆಯದೆಂಬ ಅರಿವು ಮುಂದಿನ ಹೆಜ್ಜೆಗೆ ಕಾರಣವಾಯಿತು. ಆಗ ವೈಎಂಸಿಎ ಸಂಸ್ಥೆ ದೈಹಿಕ ಶಿಕ್ಷಣದಲ್ಲಿ ತೊಡಗಿತ್ತು. ಎಚ್. ಸಿ. ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಕರ ತರಬೇತಿ ಶಾಲೆ ತೆರೆದಿದ್ದರು. ಅವರು ಮತ್ತು ಎ. ಜಿ. ನೋರೆನ್ ದೊರಾಬ್ಜಿಯವರ ಜತೆಗೂಡಿದರು. ಪ್ರಾಂತ್ಯಗಳಲ್ಲಿ ಒಲಿಂಪಿಕ್ ಸಂಘಗಳು ಹುಟ್ಟಿಕೊಂಡವು. 1924ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಮಟ್ಟದ ಕೂಟ ನಡೆದು, ಅಲ್ಲಿಂದ ಪ್ಯಾರಿಸ್ ಒಲಿಂಪಿಕ್ಸ್‌ಗೆ ಓಟಗಾರರ ಆಯ್ಕೆಯಾಯಿತು. ಈ ಬಾರಿ ತಂಡ ಒಂದು ಪ್ರಾಂತ್ಯದ್ದಾಗಿರಲಿಲ್ಲ. ಮಂಗಳೂರಿನಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದೂರದ ಕಣ್ಣೂರಿನ ಸಿ. ಕೆ. ಲಕ್ಷ್ಮಣನ್ 110 ಮೀಟರ್ ಹರ್ಡಲ್ಸ್‌ಗೆ ಆಯ್ಕೆಯಾದವರಲ್ಲಿ ಒಬ್ಬರು.

ಆದರೆ 1924 ದೊರಾಬ್ಜಿಯವರ ಪಾಲಿಗೆ ಆಟದ ವರ್ಷವಾಗಿರಲಿಲ್ಲ. ಯುದ್ಧಾನಂತರ ಉಕ್ಕಿನ ಬೆಲೆ ಕುಸಿದಿತ್ತು. ಕಾರ್ಖಾನೆಯ ವಿಸ್ತರಣೆಗೆ ಸುರಿದ ಹಣ ಇನ್ನೂ ಮರಳಿರಲಿಲ್ಲ. ವಿದೇಶಿ ಉಕ್ಕು ಅಗ್ಗದ ಬೆಲೆಗೆ ಬಂದು ಬೀಳುತ್ತಿತ್ತು. ಒಂದು ದಿನ ಜಮ್‌ಶೆಡ್‌ಪುರದಿಂದ ತಂತಿ ಬಂತು: ಕಾರ್ಮಿಕರ ಸಂಬಳಕ್ಕೆ ಹಣವಿಲ್ಲ. ದೊರಾಬ್ಜಿ ತಮ್ಮ ಸ್ವಂತ ಸಂಪತ್ತನ್ನೆಲ್ಲ, ಸುಮಾರು ಒಂದು ಕೋಟಿ ರೂಪಾಯಿ ಬೆಲೆಬಾಳುವಷ್ಟನ್ನು, ಇಂಪೀರಿಯಲ್ ಬ್ಯಾಂಕಿಗೆ ಒತ್ತೆಯಿಟ್ಟು ಕಂಪನಿಗೆ ಸಾಲ ಎತ್ತಿದರು. ಒತ್ತೆಯ ವಸ್ತುಗಳಲ್ಲಿ ಮೆಹರ್‌ಬಾಯಿಯವರ ಜ್ಯೂಬಿಲಿ ವಜ್ರವೂ ಇತ್ತು. 245 ಕ್ಯಾರಟ್‌ಗಿಂತ ಹೆಚ್ಚು ತೂಕದ ಆ ವಜ್ರ ಕೊಹಿನೂರಿನ ಎರಡರಷ್ಟಕ್ಕಿಂತಲೂ ದೊಡ್ಡದು. ಅದೇ ವರ್ಷ ಸರ್ಕಾರ ದೇಶೀಯ ಉಕ್ಕಿಗೆ ರಕ್ಷಣೆ ನೀಡುವ ಕಾನೂನು ತಂದಿತು. ಕಾರ್ಖಾನೆ ಉಳಿಯಿತು.

ಮನೆಯ ಆಭರಣವನ್ನು ಬ್ಯಾಂಕಿಗೆ ಕೊಟ್ಟ ವರ್ಷದಲ್ಲಿಯೂ ಪ್ಯಾರಿಸ್ ತಂಡವನ್ನು ಅವರು ಕೈಬಿಡಲಿಲ್ಲ. ಆ ಪ್ರಯಾಣಕ್ಕೂ ಅವರ ಹಣ ಸಂದಿತು. ದುಂದು ಎಂದು ಬಗೆಯುವವರೂ ಇರಬಹುದು. ಒಮ್ಮೆ ಕಾಣಿಸಿಕೊಂಡು ಮಾಯವಾಗುವ ತಂಡ ಕೇವಲ ಕುತೂಹಲದ ವಸ್ತುವಾಗುತ್ತದೆ, ಎರಡನೆಯ ಬಾರಿಗೆ ಬಂದಾಗಲೇ ಅದು ಒಂದು ದೇಶದ ತಂಡವೆನಿಸುತ್ತದೆ. ಈ ದೃಷ್ಟಿಯಿಂದ ನೋಡಿದರೆ ಆಂಟ್ವರ್ಪ್‌ಗಿಂತ ಪ್ಯಾರಿಸ್‌ನ ಖರ್ಚೇ ಹೆಚ್ಚು ಅಗತ್ಯದ್ದಾಗಿತ್ತು.

1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ರೂಪುಗೊಂಡಿತು. ದೊರಾಬ್ಜಿ ಅದರ ಮೊದಲ ಅಧ್ಯಕ್ಷರು, ಎ. ಜಿ. ನೋರೆನ್ ಕಾರ್ಯದರ್ಶಿ. ವರ್ಷದೊಳಗೆ ಅಧ್ಯಕ್ಷ ಸ್ಥಾನವನ್ನು ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ವಹಿಸಿಕೊಂಡರು. 1928ರ ಆಮ್‌ಸ್ಟರ್‌ಡ್ಯಾಮ್ ಕೂಟದಲ್ಲಿ ಭಾರತದ ಹಾಕಿ ತಂಡ ಒಂದು ಗೋಲನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದಿತು. ಆಂಟ್ವರ್ಪ್‌ಗೂ ಆ ಚಿನ್ನಕ್ಕೂ ನಡುವೆ ಇದ್ದದ್ದು ಎಂಟೇ ವರ್ಷ. ಹಾಕಿಯ ಗೆಲುವಿಗೆ ಬೇರೆಯದೇ ಹಿನ್ನೆಲೆಯಿದೆ, ಸೈನ್ಯದ ತುಕಡಿಗಳ, ಶಾಲಾ ಕಾಲೇಜುಗಳ ಹಿನ್ನೆಲೆ. ಆದರೆ ಆ ತಂಡ ಭಾರತದ ಹೆಸರಿನಲ್ಲಿ ಮೈದಾನಕ್ಕಿಳಿಯಲು ಬೇಕಾದ ಬಾಗಿಲನ್ನು ಆಗಲೇ ಯಾರೋ ತೆರೆದಿಟ್ಟಿದ್ದರು.

ಬದುಕಿನ ಕೊನೆಯ ವರ್ಷಗಳು ದುಃಖದವು. 1931ರ ಜೂನ್‌ನಲ್ಲಿ ಮೆಹರ್‌ಬಾಯಿ ಬ್ರಿಟನ್ನಿನ ವೇಲ್ಸ್‌ನಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಲಂಡನ್ ಸಮೀಪದ ಬ್ರೂಕ್‌ವುಡ್ ಸ್ಮಶಾನದಲ್ಲಿ ಅವರ ಸಮಾಧಿಯಾಯಿತು. ಪತ್ನಿಯ ನೆನಪಿನಲ್ಲಿ ದೊರಾಬ್ಜಿ ರಕ್ತದ ಕ್ಯಾನ್ಸರ್ ಸಂಶೋಧನೆಗೆಂದು ಒಂದು ನಿಧಿ ಸ್ಥಾಪಿಸಿದರು. 1932ರಲ್ಲಿ ತಮ್ಮ ಉಳಿದೆಲ್ಲ ಸಂಪತ್ತನ್ನು, ಕೊರಳ ಟೈಗೆ ಚುಚ್ಚುವ ಮುತ್ತಿನ ಪಿನ್ನಿನವರೆಗೆ, ಒಂದು ಧರ್ಮದತ್ತಿಗೆ ಬರೆದುಕೊಟ್ಟರು. ಅದರ ಉಪಯೋಗಕ್ಕೆ ಜಾತಿ, ಮತ, ದೇಶಗಳ ಭೇದ ಇರಬಾರದೆಂಬುದು ಷರತ್ತು. ಜ್ಯೂಬಿಲಿ ವಜ್ರವೂ ಮಾರಾಟವಾಗಿ ಅದರ ಹಣ ಒಳಿತಿನ ಕೆಲಸಗಳಿಗೆ ಸಂದಿತು.

ಆ ವರ್ಷವೇ ಪತ್ನಿಯ ಸಮಾಧಿಯನ್ನು ಕಾಣಲು ಅವರು ಯುರೋಪಿಗೆ ಹೊರಟರು. ಇಂಗ್ಲೆಂಡ್ ತಲುಪಲಿಲ್ಲ. ಜೂನ್ 3ರಂದು ಜರ್ಮನಿಯ ಬಾಡ್ ಕಿಸಿಂಗೆನ್ ಪಟ್ಟಣದಲ್ಲಿ ಅಸುನೀಗಿದರು. ವಯಸ್ಸು 72. ದೇಹವನ್ನು ಬ್ರೂಕ್‌ವುಡ್‌ಗೆ ತಂದು ಮೆಹರ್‌ಬಾಯಿಯವರ ಪಕ್ಕದಲ್ಲಿ ಮಣ್ಣು ಮಾಡಲಾಯಿತು.

ಧರ್ಮದತ್ತಿಯ ಹಣದಿಂದ 1936ರಲ್ಲಿ ಮುಂಬಯಿಯಲ್ಲಿ ಸಮಾಜಕಾರ್ಯದ ಶಾಲೆ, 1941ರಲ್ಲಿ ಟಾಟಾ ಕ್ಯಾನ್ಸರ್ ಆಸ್ಪತ್ರೆ ತಲೆ ಎತ್ತಿದವು. ಎರಡನೆಯ ಮಹಾಯುದ್ಧದ ಕಾರಣ ಇಂಗ್ಲೆಂಡಿಗೆ ಮರಳಲಾಗದೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಉಳಿದ ಹೋಮಿ ಭಾಭಾ ಅದೇ ದತ್ತಿಗೆ ಮನವಿ ಸಲ್ಲಿಸಿದರು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಆರಂಭವಾದದ್ದು ಬೆಂಗಳೂರಿನ ಆ ಆವರಣದಲ್ಲಿಯೇ. ವರ್ಷದ ಕೊನೆಗೆ ಅದು ಮುಂಬಯಿಗೆ ಸ್ಥಳಾಂತರಗೊಂಡಿತು.

ಈ ಎಲ್ಲ ಸಂಸ್ಥೆಗಳ ಗೋಡೆಗಳ ಮೇಲೆ ಟಾಟಾ ಹೆಸರಿದೆ. ಆರು ಮಂದಿಯ ತಂಡಕ್ಕೆ ಗೋಡೆಯಿಲ್ಲ. ಆಂಟ್ವರ್ಪ್ ಕೂಟದ ಫಲಿತಾಂಶಗಳ ಪಟ್ಟಿಯಲ್ಲಿ, ಮ್ಯಾರಥಾನ್ ವಿಭಾಗದ ಹತ್ತೊಂಬತ್ತನೆಯ ಸಾಲಿನಲ್ಲಿ, ಬೆಳಗಾವಿಯ ಚೌಗುಲೆಯ ಹೆಸರು, ಸಮಯ ಮತ್ತು ದೇಶ ದಾಖಲಾಗಿವೆ. ದೇಶದ ಹೆಸರು ಭಾರತ ಎಂದೇ ಇದೆ.